ಹಣ ಕಟ್ಟುವ ಕಿಟಕಿ ಇಲ್ಲದ ಆಸ್ಪತ್ರೆ

ಭೂತಾನಿಗೆ ಹೋಗಿ ಬಂದವರೆಲ್ಲ ಬಂಡೆಗೆ ಅಂಟಿಕೊಂಡಂತಿರುವ ಒಂದು ಮಠದ ಫೋಟೋ ತೋರಿಸುತ್ತಾರೆ. ನನ್ನ ಫೋನಿನಲ್ಲಿ ಅದು ಇಲ್ಲ. ನಾನು ಆ ಮಠ ನೋಡಲೇ ಇಲ್ಲ. ಆಂಧ್ರದ ಗಡಿಯ ರಾಯದುರ್ಗದಲ್ಲಿರುವ ನನ್ನ ಅಂಗಡಿಗೆ ದಾರ, ಜಿಪ್ಪು, ಗುಂಡಿ ಕೊಳ್ಳಲು ಬರುವ ಟೈಲರುಗಳು "ಹೆಂಗಿತ್ರಿ ಅಕ್ಕಾರ, ಭೂತಾನ?" ಎಂದು ಕೇಳಿದರೆ ನಾನು ಆಸ್ಪತ್ರೆಯಿಂದ ಶುರು ಮಾಡುತ್ತೇನೆ. ಅವರು ಸ್ವಲ್ಪ ಹೊತ್ತು ಮರ್ಯಾದೆಗೆ ಕೇಳಿ, ಆಮೇಲೆ ಜಿಪ್ಪಿನ ಬಣ್ಣ ಆರಿಸಲು ತೊಡಗುತ್ತಾರೆ. ಪೂರ್ತಿ ಹೇಳಲು ಇದುವರೆಗೆ ಅವರಲ್ಲಿ ಯಾರೂ ಬಿಟ್ಟಿಲ್ಲ.

ನನ್ನ ತವರು ಮಡಕಶಿರದ ಪಕ್ಕದ ಗುಡಿಬಂಡೆ. ಮದುವೆಯಾಗಿ ಬಂದದ್ದು ರಾಯದುರ್ಗಕ್ಕೆ. ಗಂಡ ತೀರಿಕೊಂಡ ಮೇಲೆ ಅಂಗಡಿಯನ್ನು ನಾನೇ ನೋಡಿಕೊಳ್ಳುತ್ತೇನೆ. ನಮ್ಮ ಓಣಿಯ ನಿವೃತ್ತ ಮೇಷ್ಟ್ರು ಬಸವರಾಜಪ್ಪನವರು ಆಗಾಗ ಗುಂಪು ಕಟ್ಟಿಕೊಂಡು ಎಲ್ಲಿಗಾದರೂ ಹೊರಡುತ್ತಾರೆ. ಈ ಸಲ ಭೂತಾನ ಅಂದರು. "ಪಾಸ್‌ಪೋರ್ಟ್ ಬ್ಯಾಡ್ರಿ. ವೋಟರ್ ಕಾರ್ಡ್ ಇದ್ರ ಸಾಕು, ಪರದೇಶ ನೋಡಿ ಬರಬೌದು." ನನ್ನ ಜೊತೆ ಬರಬೇಕಿದ್ದ ಪಕ್ಕದ ಮನೆಯವರು ಕೊನೆಗಳಿಗೆಯಲ್ಲಿ ಹಿಂದೆ ಸರಿದರು. ಆ ಜಾಗಕ್ಕೆ ನಾನು ನನ್ನ ಅತ್ತಿಗೆ ರತ್ನಮ್ಮನನ್ನು ಕರೆದೆ.

ರತ್ನಮ್ಮ ನನ್ನ ಅಣ್ಣನ ಹೆಂಡತಿ. ವರಸೆಯಲ್ಲಿ ದೊಡ್ಡವಳು, ವಯಸ್ಸಿನಲ್ಲಿ ಚಿಕ್ಕವಳು. ಹಾಗಾಗಿ ನಾನು ಅವಳನ್ನು ಅತ್ತಿಗೆ ಅನ್ನುತ್ತೇನೆ, ಅವಳು ನನ್ನನ್ನು ವಿಶಾಲಕ್ಕ ಅನ್ನುತ್ತಾಳೆ. ಗುಡಿಬಂಡೆಯಲ್ಲಿ ಬೋರ್‌ವೆಲ್ ನೀರಿಗೆ ಹಿಪ್ಪುನೇರಳೆ ಬೆಳೆದು ರೇಷ್ಮೆ ಹುಳ ಸಾಕುತ್ತಾರೆ. ಹುಳ ಮನೆಯಲ್ಲಿದ್ದರೆ ಅವಳು ನೆಂಟರ ಮದುವೆಗೂ ಬರುವವಳಲ್ಲ. ಅದೃಷ್ಟಕ್ಕೆ ಆಗಷ್ಟೇ ಗೂಡು ಬಿಡಿಸಿ ಹಿಂದೂಪುರದ ಮಾರ್ಕೆಟ್ಟಿಗೆ ಹಾಕಿದ್ದರು. ಹೂಂ ಅಂದಳು. ತಿರುಪತಿಯಿಂದ ಆಚೆಗೆ ಅವಳು ಎಂದೂ ಹೋದವಳಲ್ಲ.

ಫುಂಟ್‌ಶೋಲಿಂಗ್

ಬಾಗ್ಡೋಗ್ರಾದಲ್ಲಿ ವಿಮಾನ ಇಳಿದು ಬಸ್ಸಿನಲ್ಲಿ ಕೂತು ಕೂತು ಸೊಂಟ ಹಿಡಿದಿತ್ತು. ಗಡಿಯ ಈಚೆ ಜಯಗಾಂವ್, ಆಚೆ ಫುಂಟ್‌ಶೋಲಿಂಗ್. ನಡುವೆ ಬಣ್ಣ ಬಳಿದ ಒಂದು ಬಾಗಿಲು. ಈಚೆ ಹಾರ್ನು, ದೂಳು, ತಳ್ಳುಗಾಡಿ, ಥೇಟ್ ನಮ್ಮ ಹಿಂದೂಪುರದ ಬಸ್ ಸ್ಟ್ಯಾಂಡು. ಆಚೆ ಕಾಲಿಟ್ಟರೆ ಯಾರೋ ಸದ್ದಿನ ಬಟನ್ ಆರಿಸಿದ ಹಾಗೆ.

ರಸ್ತೆ ದಾಟಲು ನಿಂತೆವು. ಒಂದು ಕಾರು ನಮ್ಮನ್ನು ನೋಡಿ ನಿಂತಿತು. ಅತ್ತಿಗೆ ಕದಲಲಿಲ್ಲ.

"ದಾಟು ಅತ್ತಿಗೆ, ನಿನಗೋಸ್ಕರಾನೇ ನಿಂತಾನ."

"ಇಲ್ಲ ಕಣಕ್ಕ, ಗಾಡಿ ಕೆಟ್ಟೈತೆ," ಅಂದಳು.

ಕಾರಿನವನು ಕಾಯುತ್ತಲೇ ಇದ್ದ. ಹಿಂದೆ ಇನ್ನೊಂದು ಬಂದು ನಿಂತಿತು. ಎರಡೂ ಒಟ್ಟಿಗೆ ಕೆಟ್ಟಿರಲಾರವು ಎಂದು ತೋಚಿದ ಮೇಲೆ ಸೀರೆ ಎತ್ತಿ ಹಿಡಿದು ಓಡಿದಳು.

ನಮ್ಮ ಗೈಡಿನ ಹೆಸರು ಕರ್ಮ. ಅಲ್ಲಿನ ಗಂಡಸರು ತೊಡುವ, ಮೊಣಕಾಲಿನವರೆಗೆ ಬರುವ ನಿಲುವಂಗಿ, ಕೆಳಗೆ ಕಪ್ಪು ಸಾಕ್ಸು. ಟಿ.ವಿ. ಧಾರಾವಾಹಿ ನೋಡಿ ಕಲಿತ ಹಿಂದಿ ಅವನದು. ನನ್ನದು ಅಂಗಡಿಯಲ್ಲಿ ಟೈಲರುಗಳ ಜೊತೆ ಆಡಿ ಕಲಿತ ಉರ್ದು. ನಾನು ಮಾತಾಡಿದರೆ ಅವನು ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದ, ಆದರೂ ಅರ್ಥವಾಗುತ್ತಿತ್ತು.

ಪರ್ಮಿಟ್ ಮಾಡಿಸುವಾಗ ಬಸವರಾಜಪ್ಪನವರು ರೇಗಿದರು. "ಹೋಟೆಲಿಗೆ ಬ್ಯಾರೆ, ಊಟಕ್ಕ ಬ್ಯಾರೆ, ಬರೇ ಈ ದೇಶದಾಗ ಇರಾಕ ದಿನಾ ಒಂದು ಫೀಜು ಬ್ಯಾರೆ ಅಂತ್ರಿ. ಯಾಕ ಕೊಡಬೇಕು, ಕೇಳ್ರಿ ಅವನ್ನ."

ಕೇಳಿದೆ. ಕರ್ಮ ಶಾಲೆಯ ಪಾಠ ಒಪ್ಪಿಸಿದಂತೆ ಹೇಳಿದ. ಹೊರಗಿನಿಂದ ನೋಡಲು ಬಂದವರು ಕೊಡುವ ಆ ಹಣ ಇಲ್ಲಿನ ಆಸ್ಪತ್ರೆ, ಶಾಲೆ, ಕಾಡಿಗೆ ಹೋಗುತ್ತದಂತೆ. ಎಲ್ಲ ಸರ್ಕಾರಗಳೂ ಹೀಗೇ ಹೇಳುತ್ತವೆ ಎಂದುಕೊಂಡೆವು. ಬಸವರಾಜಪ್ಪನವರು "ಆತು ಬಿಡ್ರಿ" ಎಂದು ಹಣ ಎಣಿಸಿ ಕೊಟ್ಟರು.

ಪುನಾಖಾ

ಬೆಟ್ಟಗಳ ಆ ದೇಶದಲ್ಲಿ ಪುನಾಖಾ ಸ್ವಲ್ಪ ತಗ್ಗು, ಸ್ವಲ್ಪ ಬೆಚ್ಚಗೆ. ಎರಡು ನದಿಗಳು ಕೂಡುವ ಕಡೆ, ನೀರಿಗೆ ಅಂಟಿಕೊಂಡೇ ಒಂದು ಕೋಟೆ ಇದೆ. ಕೋಟೆ ಅಂದರೆ ಗುಡ್ಡದ ಮೇಲೆ ಎಂದು ತಿಳಿದ ನಮಗೆ ಅದು ವಿಚಿತ್ರ. ರಾಯದುರ್ಗದ್ದಾಗಲಿ ಮಡಕಶಿರದ್ದಾಗಲಿ ಕತ್ತೆತ್ತಿ ನೋಡುವ ಕೋಟೆ. ಅತ್ತಿಗೆ ಕೋಟೆಯನ್ನು ನೋಡಲಿಲ್ಲ, ನೀರನ್ನೇ ನೋಡುತ್ತ ನಿಂತಳು. "ಇಷ್ಟೊಂದು ಸುಮ್ನೆ ಓಗ್ತೈತಲ್ಲ," ಅಂದಳು. ಬೇಸಾಯದವಳ ಸಂಕಟ ಅದು.

"ಸುಮ್ಮನೆ ಹೋಗುವುದಿಲ್ಲ," ಅಂದ ಕರ್ಮ. "ದಾರಿಯಲ್ಲಿ ಕರೆಂಟ್ ಮಾಡಿ ನಿಮ್ಮ ದೇಶಕ್ಕೇ ಮಾರುತ್ತೇವೆ."

ಮಧ್ಯಾಹ್ನ ಒಬ್ಬ ರೈತರ ಮನೆಯಲ್ಲಿ ಊಟ. ಕೆಂಪಕ್ಕಿ ಅನ್ನ, ಮೇಲೆ ಇಡೀ ಮೆಣಸಿನಕಾಯಿಗಳನ್ನು ಚೀಸಿನಲ್ಲಿ ಬೇಯಿಸಿದ ಪಲ್ಯ. ನಮ್ಮ ಗುಂಪಿನ ಗಂಡಸರು ಮೂಗು ಒರೆಸಿಕೊಳ್ಳುತ್ತಿದ್ದರೆ ಅತ್ತಿಗೆ ಎರಡನೇ ಸಲ ಹಾಕಿಸಿಕೊಂಡಳು. ಬೆಣ್ಣೆ ಹಾಕಿದ ಉಪ್ಪು ಚಹಾವನ್ನೂ ಬಿಡಲಿಲ್ಲ. ನಮಗೆ ಖುಷಿಯಾಯಿತು, ಅವಳು ಬಂದಾಗಿನಿಂದ ಕಾಗೆ ಕುಕ್ಕಿದಷ್ಟೇ ತಿನ್ನುತ್ತಿದ್ದಳು.

ಊಟ ಮುಗಿದು ಸ್ವಲ್ಪ ಹೊತ್ತಿಗೆ ಅವಳು ಹಿತ್ತಿಲಿಗೆ ಹೋದವಳು ಬರಲಿಲ್ಲ. ಹೋಗಿ ನೋಡಿದರೆ ಹುಲ್ಲಿನ ಬಣವೆಗೆ ಒರಗಿ ಮುದುಡಿಕೊಂಡಿದ್ದಾಳೆ. ಮುಖದಲ್ಲಿ ಬೆವರು. ಬಲಗಡೆ ಪಕ್ಕೆಲುಬಿನ ಕೆಳಗೆ ಕೈ ಒತ್ತಿ ಹಿಡಿದಿದ್ದಳು.

"ಏನಾಯ್ತೆ?"

"ಏನಿಲ್ಲ, ಬತ್ತದೆ ಓಗ್ತದೆ."

'ಬತ್ತದೆ ಓಗ್ತದೆ' ಅಂದಾಗಲೇ ನನಗೆ ತಿಳಿಯಿತು, ಇದು ಇವತ್ತಿನ ನೋವಲ್ಲ. ಆದರೆ ಈ ಸಲ ಅದು ಹೋಗಲಿಲ್ಲ. ವಾಂತಿಯಾಯಿತು. ಚಳಿ ಬಂದು ಹಲ್ಲು ಕಟಕಟ ಅಂದವು. ಆ ಮನೆಯಾಕೆ ಮತ್ತು ನಾನು ಅವಳನ್ನು ಎತ್ತಿ ನಮ್ಮ ಬಸ್ಸಿನಲ್ಲಿ ಮಲಗಿಸಿದೆವು. ಕರ್ಮ ಡ್ರೈವರನಿಗೆ ಹೇಳಿ ಹತ್ತಿರದ ಆಸ್ಪತ್ರೆಗೆ ಓಡಿಸಿದ.

ಅದೊಂದು ಸಣ್ಣ ಆಸ್ಪತ್ರೆ. ಬಾಗಿಲಲ್ಲಿ ಹೆಸರು ಬರೆದುಕೊಳ್ಳುವ ಹೆಂಗಸು ಕೇಳಿದ್ದು ಒಂದೇ ಪ್ರಶ್ನೆ, ಇಂಗ್ಲಿಷ್ ವೈದ್ಯವೋ, ನಾಡ ವೈದ್ಯವೋ ಎಂದು. ಎರಡೂ ಒಂದೇ ಸೂರಿನಡಿ ಇದ್ದವು. ನಾನು ನನ್ನ ಕೈಚೀಲದೊಳಗೆ ಕೈ ಹಾಕಿ ಹಣದ ಮೇಲೆ ಬೆರಳಿಟ್ಟುಕೊಂಡು ನಿಂತಿದ್ದೆ. ಯಾರೂ ಕೇಳಲಿಲ್ಲ. ಹೊರಗಿನವರೆಂದು ಆಮೇಲೆ ದೊಡ್ಡ ಬಿಲ್ಲು ಮಾಡುತ್ತಾರೇನೋ ಎಂದು ಇನ್ನೂ ಹೆದರಿದೆ.

ಗ್ಲೂಕೋಸ್ ಹಾಕಿದರು, ಸ್ಕ್ಯಾನಿಂಗ್ ಮಾಡಿದರು. ಪಿತ್ತಕೋಶದಲ್ಲಿ ಕಲ್ಲು ತುಂಬಿ, ಊದಿಕೊಂಡು, ಕೀವು ಆಗುತ್ತಿದೆ ಅಂದರು. ಆಪರೇಷನ್ ಮಾಡುವ ಡಾಕ್ಟರ್ ಅಲ್ಲಿಲ್ಲ. ರಾಜಧಾನಿಗೆ ಕಳಿಸಬೇಕು. ಬಸವರಾಜಪ್ಪನವರು ತಾವೂ ಉಳಿಯುತ್ತೇನೆಂದು ಹಟ ಹಿಡಿದರು. ಉಳಿದವರನ್ನೆಲ್ಲ ಯಾರಿಗೆ ಒಪ್ಪಿಸುತ್ತೀರಿ ಎಂದು ನಾನೇ ಕಳಿಸಿದೆ. ಅವರ ಕಣ್ಣು ತುಂಬಿತ್ತು. "ತಂಗೀ, ಏನಿದ್ರೂ ಫೋನ್ ಮಾಡವಾ. ರೊಕ್ಕದ ಚಿಂತಿ ಮಾಡಬ್ಯಾಡ," ಅಂದರು. ಗುಂಪಿಗೆ ಬೇರೆ ಗೈಡನ್ನು ಒಪ್ಪಿಸಿ ಕರ್ಮ ನಮ್ಮೊಡನೆ ಬಂದ.

ದೋಚುಲಾ

ರಾಜಧಾನಿ ಥಿಂಪುವಿಗೆ ಹೋಗಲು ದೋಚುಲಾ ಎಂಬ ಬೆಟ್ಟದ ನೆತ್ತಿಯನ್ನು ದಾಟಬೇಕು. ಬರುವಾಗ ಅಲ್ಲಿ ಇಳಿದು ಹಿಮದ ಬೆಟ್ಟ ಕಾಣುತ್ತದೆಂದು ಕಾದು, ಮಂಜು ನೋಡಿ ವಾಪಸ್ ಬಸ್ಸು ಹತ್ತಿದ್ದೆವು. ಈಗ ಆಂಬುಲೆನ್ಸ್ ಅದೇ ಮಂಜಿನಲ್ಲಿ ಹತ್ತುತ್ತಿತ್ತು. ಪ್ರತಿ ತಿರುವಿಗೂ ಅತ್ತಿಗೆ ನರಳುತ್ತಿದ್ದಳು. ಜೊತೆಗೆ ಬಂದ ನರ್ಸು ಒಂದು ಕೈಯಲ್ಲಿ ಗ್ಲೂಕೋಸಿನ ಬಾಟಲಿ, ಇನ್ನೊಂದರಲ್ಲಿ ಅತ್ತಿಗೆಯ ಭುಜ ಹಿಡಿದು ಕೂತಿದ್ದಳು.

"ಈ ಗಾಡಿಗೆ ಎಷ್ಟು?" ಎಂದು ಕರ್ಮನನ್ನು ಕೇಳಿದೆ.

"ಇಲ್ಲ ಆಂಟಿ."

"ಇಲ್ಲ ಅಂದರೆ? ಡೀಸೆಲ್ ಯಾರು ಹಾಕಿಸುತ್ತಾರೆ?"

ಅವನು ಮುಂದಿನ ಸೀಟಿನಿಂದ ತಿರುಗಿ ಕೂತು, ನನ್ನನ್ನು ಸಮಾಧಾನ ಮಾಡಲೆಂದೋ ಏನೋ, ದಾರಿಯುದ್ದಕ್ಕೂ ಹೇಳಿದ. ಅವರಲ್ಲಿ ಖಾಸಗಿ ದೊಡ್ಡಾಸ್ಪತ್ರೆ ಇಲ್ಲ. ಇರುವುದೆಲ್ಲ ಸರ್ಕಾರದ್ದು. ಕರೆಂಟ್ ಮಾರಿದ ಹಣ, ತೆರಿಗೆ ಹಣ, ಸಂಬಳದವರಿಂದ ಆರೋಗ್ಯದ ಹೆಸರಲ್ಲಿ ಹಿಡಿಯುವ ಒಂದಿಷ್ಟು, ಪ್ರವಾಸಿಗಳ ದಿನದ ಫೀಜು, ಬೇರೆ ದೇಶಗಳು ಕೊಟ್ಟದ್ದು, ಎಲ್ಲ ಒಂದು ಕಡೆ ಸೇರುತ್ತದೆ. ಅದರಲ್ಲೇ ಆಸ್ಪತ್ರೆಗಳು ನಡೆಯುತ್ತವೆ. ಸಾಲುತ್ತದೆಯೇ ಎಂದು ಕೇಳಿದೆ. ಸಾಲುವುದಿಲ್ಲ, ಹಾಗೇ ನಡೆಯುತ್ತದೆ ಅಂದ. ಹೊರಗಿನವರಿಂದ ಹಣ ತೆಗೆದುಕೊಳ್ಳಬೇಕೆಂಬ ಮಾತೂ ಈಚೆಗೆ ಇದೆಯಂತೆ. ಆದರೆ ನೋವಿನಲ್ಲಿ ಬಂದವರನ್ನು ಯಾರು ಕೇಳುತ್ತಾರೆ ಅಂದ.

ನಾನು ಅತ್ತಿಗೆಯ ಹೊದಿಕೆ ಸರಿಮಾಡುತ್ತ ಕೂತೆ. ನಂಬಿಕೆ ಬಂದಿತ್ತು ಎಂದಲ್ಲ. ಪ್ರಶ್ನೆ ಹುಟ್ಟಿಸಿಕೊಳ್ಳುವ ತ್ರಾಣ ಇರಲಿಲ್ಲ.

ಥಿಂಪು

ಹೆಂಗಸರ ವಾರ್ಡು. ಉದ್ದಕ್ಕೂ ಮಂಚಗಳು, ಗೋಡೆಯಲ್ಲಿ ರಾಜರಾಣಿಯರ ಫೋಟೋ, ಕಿಟಕಿಯಾಚೆ ಬೆಟ್ಟ. ನಮ್ಮ ಪಕ್ಕದ ಮಂಚದಲ್ಲಿ ಪೇಮಾ ಎಂಬ ಮುದುಕಿ ಇದ್ದಳು. ಪೂರ್ವದ ಯಾವುದೋ ಹಳ್ಳಿಯವಳು. ಮೈ ಕಣ್ಣೆಲ್ಲ ಅರಿಶಿನ ಬಳಿದಂತೆ ಹಳದಿ. ಅವಳನ್ನು ನೋಡಿಕೊಳ್ಳಲು ಮಗಳು ದೇಕಿ ಬಂದಿದ್ದಳು. ಊರಿನಲ್ಲಿ ಅಂಗನವಾಡಿಯಂಥ ಕಡೆ ಕೆಲಸ ಮಾಡುವ, ಸಣಕಲು, ಹಿಂದಿ ಬಲ್ಲ ಹೆಂಗಸು.

ಆಪರೇಷನ್ ಡಾಕ್ಟರ್ ಎಳೆಯ ವಯಸ್ಸಿನ ಹೆಣ್ಣು. ಶ್ರೀಲಂಕಾದಲ್ಲಿ ಓದಿದ್ದಳಂತೆ. ಕೀವು ಒಡೆದರೆ ಜೀವಕ್ಕೇ ಅಪಾಯ, ಬೆಳಿಗ್ಗೆಯೇ ಮಾಡಬೇಕು ಅಂದಳು. ನಾನು ಅತ್ತಿಗೆಗೆ ಹೇಳಿದೆ.

"ಬ್ಯಾಡ ವಿಶಾಲಕ್ಕ. ಸೂಜಿ ಚುಚ್ಚಿದ ಮ್ಯಾಲೆ ನೋವು ತಗ್ಗೈತೆ. ಊರಿಗೆ ಓಗಾನ."

"ದಾರಿಯಲ್ಲಿ ಒಡೆದರೆ?"

"ಒಡೀಲಿ. ಈ ಪರದೇಸದಾಗೆ ಕುಯ್ಸ್ಕಂಡು, ಅದರ ದುಡ್ಡೆಲ್ಲ ನಿನ್ ತಲೆ ಮ್ಯಾಲೆ ಹಾಕಿ, ನಿಮ್ಮಣ್ಣನ ಮುಖ ಎಂಗೆ ನೋಡ್ಲಿ?"

ದುಡ್ಡು ತಗೊಳ್ಳಲ್ಲ ಅಂತಾರೆ ಅಂದೆ. ಅವಳು ನನ್ನನ್ನು ನೋಡಿದ ರೀತಿಗೆ ನನಗೇ ನಾಚಿಕೆಯಾಯಿತು. ಮಗುವಿಗೆ ಸುಳ್ಳು ಹೇಳಿ ಸಿಕ್ಕಿಬಿದ್ದಂತೆ. ಮುಖ ಗೋಡೆಗೆ ತಿರುಗಿಸಿ ಮಲಗಿದಳು.

ಇದನ್ನೆಲ್ಲ ಪೇಮಾ ನೋಡುತ್ತಿದ್ದಳು. ಮಾತು ಒಂದೂ ಅರ್ಥವಾಗಿರಲಾರದು, ವಿಷಯ ಅರ್ಥವಾಗಿತ್ತು. ಮೆಲ್ಲಗೆ ಎದ್ದು ಬಂದು ಅತ್ತಿಗೆಯ ಮಂಚದ ತುದಿಯಲ್ಲಿ ಕೂತಳು. ಅವಳ ಭುಜ ತಟ್ಟಿ ತಿರುಗಿಸಿ, ತನ್ನ ಅಂಗಿ ಎತ್ತಿ ಹೊಟ್ಟೆಯ ಮೇಲಿನ ಹಳೆಯ ಗಾಯದ ಗುರುತು ತೋರಿಸಿದಳು. ಆಮೇಲೆ ತನ್ನ ಕೆನ್ನೆ ಮುಟ್ಟಿಕೊಂಡು, ನೋಡು, ಇದ್ದೇನಲ್ಲ ಎಂಬಂತೆ ನಕ್ಕಳು. ಹಲ್ಲೆಲ್ಲ ಎಲೆ ಅಡಿಕೆ ಹಾಕಿ ಕೆಂಪು.

ಅತ್ತಿಗೆ ಬಹಳ ಹೊತ್ತು ಆ ಗುರುತನ್ನೇ ನೋಡಿದಳು. "ಚೆನ್ನಾಗೇ ಕೂಡೈತೆ," ಅಂದಳು.

ನರ್ಸು ಒಪ್ಪಿಗೆಯ ಹಾಳೆ ಮತ್ತು ಶಾಯಿ ತಂದಳು. ಹೆಬ್ಬೆಟ್ಟು ಒತ್ತು ಅಂದಾಗ ಅತ್ತಿಗೆ ಕೈ ಹಿಂದೆಳೆದುಕೊಂಡಳು.

"ನನ್ ಬೆಟ್ಟು ಬೀಳಲ್ಲ, ಹೇಳಕ್ಕ ಅವ್ಳಿಗೆ."

ಆಗ ಒಂದೊಂದಾಗಿ ಹೊರಗೆ ಬಂತು. ಈ ನೋವು ಕಳೆದ ಸುಗ್ಗಿಯಿಂದಲೇ ಇತ್ತು. ರೇಷನ್ ಕಾರ್ಡಿನವರಿಗೆ ಸರ್ಕಾರ ಕೊಟ್ಟ ಆರೋಗ್ಯ ಕಾರ್ಡು ಹಿಡಿದು, ಅಣ್ಣನಿಗೂ ಹೇಳದೆ, ಬಸ್ಸು ಹತ್ತಿ ಒಂದು ಆಸ್ಪತ್ರೆಗೆ ಹೋಗಿದ್ದಳು. ಹಿಪ್ಪುನೇರಳೆ ಸೊಪ್ಪು ಕಿತ್ತು ಕಿತ್ತು ಅವಳ ಬೆರಳಿನ ಗೆರೆಗಳೆಲ್ಲ ಸವೆದು ಹೋಗಿದ್ದವು.

"ಮಿಷನ್ ಮ್ಯಾಲೆ ಬೆಟ್ಟು ಇಟ್ರೆ, ನಾನು ನಾನಲ್ಲ ಅಂತು. ಎಣ್ಣೆ ಹಚ್ಚಿ ಒತ್ತು ಅಂದ್ರು, ಒರಸಿ ಒತ್ತು ಅಂದ್ರು. ಹಿಂದೆ ಜನ ಬೈತಿದ್ರು. ಇನ್ನೊಂದಿನ ಬಾ ಅಂದ್ರು. ಇನ್ನೊಂದಿನ ಹೋದ್ರೂ ಅದೇ ಬೆಟ್ಟಲ್ವೇನಕ್ಕ ನಂದು?"

"ನನಗಾದರೂ ಹೇಳಬಾರದಿತ್ತೇನೆ?"

"ಹೇಳಿದ್ರೆ ನೀನು ಬೆಂಗ್ಳೂರಿಗೆ ಕರ್ಕಂಡು ಓಗ್ತಿದ್ದೆ. ಅಂಗಡಿ ಮಾರಿ ಬತ್ತಿದ್ದೆ."

ಇದನ್ನು ನಾನು ನರ್ಸಿಗೆ ಹೇಳಿದೆ, ಮುರುಕು ಉರ್ದುವಿನಲ್ಲಿ ಎಷ್ಟು ಹೇಳಲಾಗುತ್ತದೋ ಅಷ್ಟು. ಅವಳು ಅತ್ತಿಗೆಯ ಹೆಬ್ಬೆರಳನ್ನು ತಾನೇ ಹಿಡಿದು ಶಾಯಿಗೆ ಅದ್ದಿ ಹಾಳೆಗೆ ಒತ್ತಿದಳು. ಗೆರೆ ಇಲ್ಲದ ಒಂದು ನೀಲಿ ಮಚ್ಚೆ ಬಿತ್ತು. "ಬಸ್, ಹೋ ಗಯಾ," ಸಾಕು, ಆಯಿತು ಅಂದಳು. ಅಷ್ಟೆ. ಅತ್ತಿಗೆ ಅದನ್ನು ನಂಬದೆ ಇನ್ನೊಂದು ಸಲ ಬಗ್ಗಿ ನೋಡಿದಳು.

ಬೆಳಿಗ್ಗೆ ಒಳಗೆ ಕರೆದುಕೊಂಡು ಹೋದರು. ನಾನು ಹೊರಗೆ ಬೆಂಚಿನಲ್ಲಿ ಕೂತೆ. ಅಣ್ಣನಿಗೆ ಫೋನ್ ಹಚ್ಚಬೇಕೆಂದು ಮೂರು ನಾಲ್ಕು ಸಲ ತೆಗೆದು ಮತ್ತೆ ಚೀಲದಲ್ಲಿಟ್ಟೆ. ಏನಾದರೂ ಆದರೆ ಹೆಣವನ್ನು ಇಷ್ಟು ಬೆಟ್ಟ ದಾಟಿಸಿ ಹೇಗೆ ಒಯ್ಯುವುದು ಎಂಬ ಕೆಟ್ಟ ಯೋಚನೆ ಬಂದು, ಅದನ್ನು ಓಡಿಸಲು ಶಿವ ಶಿವಾ ಅಂದುಕೊಂಡೆ. ದೇಕಿ ಬಂದು ಪಕ್ಕದಲ್ಲಿ ಕೂತಳು. ಬಿಸಿನೀರಿನ ಫ್ಲಾಸ್ಕ್ ಕೊಟ್ಟಳು. ಬಿಸಿಲು ಬೆಂಚಿನ ಈ ತುದಿಯಿಂದ ಆ ತುದಿಗೆ ಸರಿದ ಮೇಲೆ ಡಾಕ್ಟರ್ ಹೊರಗೆ ಬಂದಳು. ಮುಖಗವಸು ಇಳಿಸಿ ಹೆಬ್ಬೆರಳೆತ್ತಿ ತೋರಿಸಿದಳು. ಆಮೇಲೆ ಒಂದು ಸಣ್ಣ ಡಬ್ಬಿಯಲ್ಲಿ ಕಲ್ಲುಗಳನ್ನು ಕೊಟ್ಟಳು. ಥೇಟ್ ಹುರುಳಿಕಾಳು.

ಕಿಟಕಿ ಹುಡುಕಿದ ದಿನ

ಅತ್ತಿಗೆ ಎದ್ದು ಕೂರುವಂತಾದ ದಿನ, ಇನ್ನು ತಡಮಾಡಬಾರದೆಂದು ನಾನು ಹಣ ಕಟ್ಟುವ ಕಿಟಕಿ ಹುಡುಕಿಕೊಂಡು ಹೊರಟೆ. ಫ್ರೀ ಅಂತ ಎಲ್ಲರೂ ಹೇಳುತ್ತಾರೆ, ಬಿಡುಗಡೆಯ ಹೊತ್ತಿಗೆ ಉದ್ದದ ಚೀಟಿ ಬರುತ್ತದೆ, ಇದು ನಾನು ಕಂಡ ಲೋಕ. ಮೆಟ್ಟಿಲಿಳಿದೆ, ಹತ್ತಿದೆ. ಎಕ್ಸ್‌ರೇ ಕಿಟಕಿ ಇತ್ತು, ರಕ್ತ ಪರೀಕ್ಷೆಯ ಕಿಟಕಿ ಇತ್ತು, ಔಷಧಿ ಕೊಡುವ ಕಿಟಕಿಯಲ್ಲಿ ದೊಡ್ಡ ಸಾಲಿತ್ತು. ಹಣದ್ದು ಇರಲಿಲ್ಲ. ಕೊನೆಗೆ ಹಣ ಎಲ್ಲಿ ಕಟ್ಟಬೇಕೆಂದು ಕಾವಲುಗಾರನನ್ನು ಕೇಳಿದೆ.

"ಪೈಸಾ ಕಹಾಂ ಭರ್ನಾ, ಭಯ್ಯಾ?"

"ಕಿಸ್ ಕಾ ಪೈಸಾ?" ಯಾವುದರ ಹಣ ಎಂದ.

"ಆಸ್ಪತ್ರೆಯದು."

ಅವನು ತಲೆ ಕೆರೆದುಕೊಂಡ. ಇನ್ನೊಬ್ಬನನ್ನು ಕರೆದ. ಇಬ್ಬರೂ ಮಾತಾಡಿಕೊಂಡು, ಬನ್ನಿ ಎಂದು ಬಹಳ ಗೌರವದಿಂದ ಕರೆದುಕೊಂಡು ಹೋಗಿ ಒಂದು ಕೌಂಟರಿನ ಮುಂದೆ ನಿಲ್ಲಿಸಿದರು. ಅದು ಕ್ಯಾಂಟೀನು. ಆ ಕಟ್ಟಡದಲ್ಲಿ ದುಡ್ಡು ತೆಗೆದುಕೊಳ್ಳುವ ಜಾಗ ಅವರಿಗೆ ಗೊತ್ತಿದ್ದದ್ದು ಅದೊಂದೇ. ಒಂದು ಚಹಾ ಕುಡಿದು ವಾಪಸ್ ಬಂದೆ. ಕಾಲು ನೋಯುತ್ತಿದ್ದವು. ನಗು ಬರಬೇಕಿತ್ತು, ಬರಲಿಲ್ಲ. ನಮ್ಮೂರಲ್ಲಿ ಆಸ್ಪತ್ರೆಯ ಬಾಗಿಲಲ್ಲಿ ನಿಂತು ಯಾರಿಗೆ ಫೋನ್ ಮಾಡಿದರೆ ಹಣ ಸಿಕ್ಕೀತು ಎಂದು ಯೋಚಿಸುವವರ ಮುಖಗಳೇ ಕಣ್ಣಮುಂದೆ ಬರುತ್ತಿದ್ದವು.

ಹಾಗೆಂದು ಅದು ಸ್ವರ್ಗವಲ್ಲ. ಒಂದು ಮಾತ್ರೆ ಒಳಗೆ ಮುಗಿದಿತ್ತು, ಕರ್ಮ ಊರೆಲ್ಲ ಸುತ್ತಿ ತಂದ. ಶೌಚಾಲಯಕ್ಕೆ ಮೂಗು ಮುಚ್ಚಿಕೊಂಡೇ ಹೋಗಬೇಕಿತ್ತು. ಸ್ಕ್ಯಾನಿಂಗಿಗೆ ವಾರಗಟ್ಟಲೆ ಕಾಯುವವರಿದ್ದರು. ಹೆಬ್ಬೆಟ್ಟು ಒತ್ತಿಸಿದ ನರ್ಸು ಇಡೀ ವಾರ್ಡಿಗೆ ಒಬ್ಬಳೇ ಓಡಾಡುತ್ತಿದ್ದಳು. ಉಳಿದವರೆಲ್ಲಿ ಎಂದು ಕೇಳಿದರೆ "ಆಸ್ಟ್ರೇಲಿಯಾ" ಅಂದಳು. ಜೊತೆಗೆ ಓದಿದವರಲ್ಲಿ ಅರ್ಧ ಜನ ಹೋಗಿಬಿಟ್ಟಿದ್ದಾರಂತೆ. ನೀನು? ಅಂದೆ. ಸೂಜಿಯನ್ನು ಬೆಳಕಿಗೆ ಹಿಡಿದು ನೋಡುತ್ತ, ತಾನೂ ಅರ್ಜಿ ಹಾಕಿದ್ದೇನೆ ಅಂದಳು. ಹಾಸಿಗೆ, ಔಷಧಿಗೆ ಸರ್ಕಾರ ಎಲ್ಲಿಂದಲೋ ಹಣ ಹೊಂದಿಸುತ್ತದೆ. ಈ ಕೈಗಳನ್ನು ಎಲ್ಲಿಂದ ತರುತ್ತದೋ.

ಪೇಮಾ ಮತ್ತು ಅತ್ತಿಗೆಗೆ ಗಟ್ಟಿ ಸ್ನೇಹವಾಗಿತ್ತು. ಒಬ್ಬರ ಮಾತು ಒಬ್ಬರಿಗೆ ಬಾರದು. ಎಲೆ, ಸುಣ್ಣ, ಅಡಿಕೆ ಇಬ್ಬರಿಗೂ ಗೊತ್ತು. ಅಲ್ಲಿನ ಅಡಿಕೆ ಹಸಿ, ಕೊಳೆತ ವಾಸನೆ. ಪೇಮಾ ತಲೆದಿಂಬಿನಡಿಯಿಂದ ಒಂದು ಪೊಟ್ಟಣ ತೆಗೆದು ಕೊಟ್ಟಳು. ಅತ್ತಿಗೆ ಅದನ್ನು ಬಾಯಿಗಿಟ್ಟ ಕೂಡಲೇ ನರ್ಸು ಬಂದು ಇಬ್ಬರನ್ನೂ ಬೈದಳು. ಇಬ್ಬರೂ ಶಾಲೆ ಹುಡುಗಿಯರಂತೆ ತಲೆ ತಗ್ಗಿಸಿ ಕೂತರು.

ಪೇಮಾಳ ಪಿತ್ತನಾಳದಲ್ಲಿ ಗಡ್ಡೆ. ಅದರ ಆಪರೇಷನ್ ಅಲ್ಲಿ ಆಗುವುದಿಲ್ಲ. ಯಾರನ್ನು ಭಾರತಕ್ಕೆ ಕಳಿಸಬೇಕು ಎಂದು ತೀರ್ಮಾನಿಸಲು ಡಾಕ್ಟರುಗಳ ಒಂದು ಮಂಡಳಿ ಕೂರುತ್ತದೆ. ಕಳಿಸಿದರೆ ಟಿಕೆಟ್ಟು, ಚಿಕಿತ್ಸೆ, ಜೊತೆಗೆ ಹೋಗುವ ಒಬ್ಬರ ಖರ್ಚು, ಎಲ್ಲ ಸರ್ಕಾರದ್ದೇ. ಆದರೆ ಎಲ್ಲರನ್ನೂ ಕಳಿಸಲಾಗುವುದಿಲ್ಲ. ವಯಸ್ಸಾಯಿತು, ಪ್ರಯೋಜನವಿಲ್ಲ ಅಂದರೆ ಮನೆಗೆ ಹೋಗಬೇಕು. ಮಂಡಳಿ ಕೂತ ದಿನ ದೇಕಿ ಕಾರಿಡಾರಿನಲ್ಲಿ ಅತ್ತಿತ್ತ ನಡೆಯುತ್ತಲೇ ಇದ್ದಳು. ಮಧ್ಯಾಹ್ನ ಡಾಕ್ಟರ್ ಕರೆದು ಹೇಳಿದಾಗ ಅವಳು ನಿಂತಲ್ಲೇ ಕುಸಿದು ಕೂತಳು. ಬೇಡ ಅಂದರೇನೋ ಎಂದು ನಾನು ಓಡಿ ಹೋದೆ.

"ವೇಲೂರು," ಅಂದಳು. "ಹೌದು ಅಂದರು. ವೇಲೂರು. ನಿಮ್ಮ ಮನೆಗೆ ಹತ್ತಿರವೇ?"

ಹತ್ತಿರ ಅಂದೆ. ನನ್ನ ಅಂಗಡಿಯ ನಂಬರು ಅವಳ ಫೋನಿನಲ್ಲಿ ಒತ್ತಿಕೊಟ್ಟೆ.

ಗುಡಿಬಂಡೆ

ವಾಪಸ್ ಬಂದ ದಾರಿಯನ್ನು ಬರೆಯಲು ಏನಿಲ್ಲ. ಗುಂಪು ಆಗಲೇ ಊರು ಸೇರಿತ್ತು. ಕರ್ಮ ಗಡಿಯವರೆಗೆ ಬಂದು, ಅತ್ತಿಗೆಯ ಚೀಲವನ್ನು ನನ್ನ ಕೈಗೆ ಕೊಟ್ಟು, ನಾವು ಮರೆಯಾಗುವವರೆಗೆ ನಿಂತಿದ್ದ.

ಆಪರೇಷನ್ ಆದದ್ದನ್ನಷ್ಟೇ ಫೋನಿನಲ್ಲಿ ತಿಳಿಸಿದ್ದೆ. ಅಣ್ಣ ಈಗ ಕತೆಯನ್ನು ಪೂರ್ತಿ ಕೇಳಿದ. ಹೆಂಡತಿಯ ಹೊಟ್ಟೆಯ ಮೇಲಿನ ಪಟ್ಟಿ ನೋಡಿದ. ಆಮೇಲೆ ನನ್ನನ್ನು ಹೊರಗೆ ಹುಳದ ಮನೆಯ ಹತ್ತಿರ ಕರೆದ.

"ನಿಜ ಹೇಳಮ್ಮ. ಎಷ್ಟಾತು?"

"ಏನೂ ಆಗಲಿಲ್ಲಣ್ಣ."

"ಪರದೇಸದಾಗೆ ಒಟ್ಟೆ ಕುಯ್ದು ಸುಮ್ನೆ ಕಳಿಸ್ತಾರಾ? ನೀನು ಕಟ್ಟಿ ಮುಚ್ಚಿಡ್ತಿದೀಯ."

ಎಷ್ಟು ಹೇಳಿದರೂ ಒಪ್ಪಲಿಲ್ಲ. ಬಸವರಾಜಪ್ಪನವರಿಗೆ ಫೋನ್ ಮಾಡಿ ಕೇಳಿದ. ಅವರಿಗೇನು ಗೊತ್ತು, ಅವರೂ ಅಲ್ಲಿರಲಿಲ್ಲ. ತಂಗಿಯ ಹಂಗಿನಲ್ಲಿ ಬಿದ್ದೆನೆಂದು ಅಣ್ಣ ಹಲವು ದಿನ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ.

ವೇಲೂರು

ಒಂದು ಬೆಳಿಗ್ಗೆ ಅಂಗಡಿಗೆ ದೇಕಿಯ ಫೋನ್ ಬಂತು. ಅಮ್ಮನನ್ನು ವೇಲೂರಿಗೆ ತಂದಿದ್ದಾರೆ. ಆಪರೇಷನ್ ದಿನ ಗೊತ್ತಾಗಿದೆ. ಹಣಕ್ಕೆಲ್ಲ ಅವರ ಸರ್ಕಾರ ಬರೆದುಕೊಟ್ಟಿದೆ. ಆದರೆ ಅಮ್ಮನಿಗೆ ಕೊಡುವ ರಕ್ತಕ್ಕೆ ಬದಲಾಗಿ ರೋಗಿಯ ಕಡೆಯವರು ಯಾರಾದರೂ ರಕ್ತ ಕೊಡಬೇಕಂತೆ. ದೇಕಿ ಹೋಗಿ ಕೂತರೆ, ನಿನ್ನ ಮೈಯಲ್ಲೇ ರಕ್ತವಿಲ್ಲ ಎಂದು ಎಬ್ಬಿಸಿ ಕಳಿಸಿದ್ದಾರೆ. ಆ ಊರಿನಲ್ಲಿ ಅವಳಿಗೆ ಯಾರೂ ಗೊತ್ತಿಲ್ಲ. "ಆಂಟಿ, ಸರ್ಕಾರ ಎಲ್ಲ ಕಳಿಸುತ್ತದೆ. ಮನುಷ್ಯರನ್ನು ಕಳಿಸುವುದಿಲ್ಲ," ಅಂದಳು. ಅಳುತ್ತಿರಲಿಲ್ಲ. ಅಳುವುದಕ್ಕೂ ದಣಿದ ದನಿ ಅದು.

ನಾನು ಅಂಗಡಿ ಮುಚ್ಚಿ ರೈಲು ಹತ್ತಿದೆ. ಅತ್ತಿಗೆಗೆ ಬರುವುದು ಬೇಡ ಅಂದಿದ್ದೆ. ಬೆಂಗಳೂರಿನ ಸ್ಟೇಷನ್ನಿನಲ್ಲಿ ಇಳಿದರೆ ಎದುರಿಗೆ ನಿಂತಿದ್ದಳು, ಮಡಕಶಿರದ ಬಸ್ಸಿನಲ್ಲಿ ಬಂದು. ಕೈಯಲ್ಲಿ ರಾಗಿ ರೊಟ್ಟಿ, ಕಡಲೆಕಾಯಿ ಚಟ್ನಿಪುಡಿ, ಮತ್ತೆ ಒಂದು ಕಟ್ಟು ವೀಳ್ಯದೆಲೆ.

ಆಸ್ಪತ್ರೆಯಲ್ಲಿ ಅತ್ತಿಗೆಯೇ ಮೊದಲು ಹೋಗಿ ತೋಳು ಚಾಚಿದಳು. ಆಪರೇಷನ್ ಆಗಿ ಎಷ್ಟು ದಿನವಾಯಿತು ಎಂದು ಕೇಳಿ ಬೇಡ ಅಂದರು. ಅವಳಿಗೆ ಸಿಟ್ಟೇ ಬಂತು. ನಾನು ಕೂತೆ. ನನ್ನ ಬೆರಳು ಚುಚ್ಚಿ ಒಂದು ಹನಿಯನ್ನು ನೀಲಿ ನೀರಿಗೆ ಬಿಟ್ಟರು. ಅದು ಮೇಲೆ ಒಂದು ಕ್ಷಣ ತೂಗಾಡಿತು. ನನ್ನನ್ನೂ ಎಬ್ಬಿಸಿ ಕಳಿಸುತ್ತಾರೆ ಎಂದುಕೊಂಡೆ, ಈ ವಯಸ್ಸಿಗೆ, ಈ ಊಟಕ್ಕೆ. ಆಮೇಲೆ ನಿಧಾನವಾಗಿ ತಳಕ್ಕೆ ಇಳಿಯಿತು. ಮುಳುಗಿದರೆ ಮೈಯಲ್ಲಿ ರಕ್ತ ಚೆನ್ನಾಗಿದೆ ಎಂದಂತೆ.

ಬರೆದುಕೊಳ್ಳುವವನು ತಮಿಳಿನಲ್ಲಿ ಕೇಳಿದ, ನನಗೆ ತಿಳಿಯಲಿಲ್ಲ. ತೆಲುಗಿನಲ್ಲಿ ಕೇಳಿದ, ರೋಗಿ ನಿಮಗೇನಾಗಬೇಕು ಎಂದು. ನಾನು ದೇಕಿಯ ಮುಖ ನೋಡಿದೆ. ಏನೆಂದು ಹೇಳುವುದು? ಪಕ್ಕದ ಮಂಚದವರು ಎನ್ನಲೇ?

ಹಿಂದಿನಿಂದ ಅತ್ತಿಗೆ ಅಂದಳು, "ಮಾ ವಾಳ್ಳೇ ನಾಯನಾ. ರಾಸ್ಕೋ." ನಮ್ಮವರೇ ಕಣಪ್ಪ, ಬರ್ಕೋ.

ಅವನು ಬರೆದುಕೊಂಡ.

ಆಪರೇಷನ್ ಮುಗಿಯುವ ಹೊತ್ತಿಗೆ ಹೊರಗೆ ಸಂಜೆಯಾಗಿತ್ತು. ಗಡ್ಡೆಯನ್ನು ಪೂರ್ತಿ ತೆಗೆದಿದ್ದಾರೆ, ಉಸಿರಾಟ ಚೆನ್ನಾಗಿದೆ ಎಂದು ದೇಕಿ ಬಂದು ಹೇಳಿದಳು. ಒಳಗೆ ಬಿಡಲಿಲ್ಲ. ಗಾಜಿನಾಚೆ ಹೊದಿಕೆಯ ಕೆಳಗೆ ಎರಡು ಪಾದ ಕಂಡವು, ಅಷ್ಟೆ. ಅತ್ತಿಗೆ ವೀಳ್ಯದೆಲೆಯ ಕಟ್ಟನ್ನು ದೇಕಿಗೆ ಕೊಟ್ಟು, ಎದ್ದ ಮೇಲೆ ಕೊಡು, ನರ್ಸು ನೋಡದ ಹಾಗೆ ಎಂದು ಕೈಸನ್ನೆಯಲ್ಲಿ ಹೇಳಿದಳು. ದೇಕಿ ಬಹಳ ದಿನಗಳ ಮೇಲೆ ನಕ್ಕಂತೆ ನಕ್ಕಳು.

ವೇಲೂರಿನ ಪಕ್ಕದ ಕಾಟ್ಪಾಡಿಯಲ್ಲಿ ರೈಲು ಹತ್ತಿದೆವು. ಸೀಟು ಸಿಕ್ಕಿತು. ಹೊರಡುವ ಮೊದಲೇ ಅತ್ತಿಗೆ ನಿದ್ದೆ ಹೋದಳು, ಸೂಜಿ ಚುಚ್ಚಿದ ನನ್ನ ತೋಳಿನ ಮೇಲೆಯೇ ತಲೆ ಇಟ್ಟು. ತೋಳು ನೋಯುತ್ತಿತ್ತು. ಅವಳ ಗಾಯದ ಕಡೆಗೆ ಯಾರೂ ತಾಗದ ಹಾಗೆ ಚೀಲವನ್ನು ಅಡ್ಡ ಇಟ್ಟು, ನಾನು ತೋಳನ್ನು ಕದಲಿಸದೆ ಕೂತೆ.